ಆಶ್ರಯ ಮನೆಗೆ ಮೊದಲು ಏನು ತರಬೇಕು

ಪಾಲಿಕೆಯ ಮನೆಯ ಕೀಲಿ ಕೈಗೆ ಬಂದ ದಿನದಿಂದ ನೆಂಟರು, ಗಿರಾಕಿಗಳು, ಹಳೆಯ ಬೀದಿಯವರು ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಸೋಫಾ ತಂದಿರಾ? ತಂದಿಲ್ಲ. ಸದ್ಯಕ್ಕೆ ತರುವುದೂ ಇಲ್ಲ. ನಮ್ಮ ಕಟ್ಟಡಕ್ಕೆ ಇನ್ನೂ ಕೆಲವು ಕುಟುಂಬಗಳು ಈ ವರ್ಷ ಸೇರಲಿವೆ. ಆ ಹೆಂಗಸರಿಗೆ ಒಬ್ಬೊಬ್ಬರಿಗೂ ನಿಂತು ಹೇಳಿದ ಮಾತುಗಳನ್ನೇ ಇಲ್ಲಿ ಬರೆದಿಡುತ್ತಿದ್ದೇನೆ. ಶಿವಮೊಗ್ಗದಲ್ಲಿ ಕಡಿಮೆ ಹಣದಲ್ಲಿ ಮನೆ ಹೂಡುವವರು ಆಷಾಢದ ಮಳೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಸಾಮಾನು ಆರಿಸಬೇಕು. ಉಳಿದದ್ದೆಲ್ಲ ಆಮೇಲೆ.

ನಮ್ಮ ಹಣದ ಲೆಕ್ಕವನ್ನು ಮೊದಲೇ ಹೇಳಿಬಿಡುತ್ತೇನೆ. ಬಾಡಿಗೆ ಮನೆಗೆ ಕೊಟ್ಟಿದ್ದ ಮುಂಗಡ 40,000 ರೂಪಾಯಿ. ಬಣ್ಣ ಹೊಡೆಸಲೆಂದು ಮಾಲೀಕರು ಅದರಲ್ಲಿ 6,000 ಹಿಡಿದುಕೊಂಡರು. ಉಳಿದ 34,000 ರೂಪಾಯಿಯಲ್ಲೇ ಮನೆ ಆಗಬೇಕು ಎಂದು ನಾನೂ ಯಜಮಾನರೂ ಮೊದಲೇ ತೀರ್ಮಾನಿಸಿದ್ದೆವು. ಅವರು ಸಾಮಾನು ಸಾಗಿಸುವ ಆಟೋ ಓಡಿಸುತ್ತಾರೆ, ನಾನು ಮನೆಯಲ್ಲೇ ರವಿಕೆ ಹೊಲಿಯುತ್ತೇನೆ. ಫಲಾನುಭವಿಗಳ ವಂತಿಗೆ, ಅಂದರೆ ಮನೆಗೆ ನಮ್ಮ ಪಾಲಿನ ಹಣ, ಕಟ್ಟಲು ಮಾಡಿದ ಬ್ಯಾಂಕ್ ಸಾಲದ ಕಂತು ಪ್ರತಿ ತಿಂಗಳು ಹೋಗುತ್ತಲೇ ಇದೆ. ಅದರ ಮೇಲೆ ಮಂಚದ ಕಂತು, ಟಿವಿಯ ಕಂತು ಎಂದು ಹೇರಿಕೊಂಡರೆ ಮಳೆಗಾಲದಲ್ಲಿ ಆಟೋಗೆ ಬಾಡಿಗೆ ಸಿಗುವುದು ಕಡಿಮೆಯಾದಾಗ ಕಟ್ಟುವವರು ಯಾರು? ಬಡ್ಡಿಯೇ ಇಲ್ಲ ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಆದರೆ ಮೊದಲೇ ಶುಲ್ಕವೆಂದು ಒಂದಿಷ್ಟು ತೆಗೆದುಕೊಳ್ಳುತ್ತಾರೆ, ನಗದು ಕೊಟ್ಟರೆ ಸಿಗುತ್ತಿದ್ದ ರಿಯಾಯಿತಿಯನ್ನು ಕೊಡುವುದಿಲ್ಲ, ಒಂದು ತಿಂಗಳು ಖಾತೆಯಲ್ಲಿ ಹಣ ಸಾಲದಿದ್ದರೆ ಬ್ಯಾಂಕಿನವರೂ ದಂಡ ಹಾಕುತ್ತಾರೆ, ಸಾಲ ಕೊಟ್ಟವರೂ ಹಾಕುತ್ತಾರೆ. ಕಂತಿನ ಮಾತು ಬಂದರೆ ದಯವಿಟ್ಟು ಎದ್ದು ಬನ್ನಿ.

ಆಶ್ರಯ ಎಂಬ ಹೆಸರು ನಮ್ಮ ಜಿಲ್ಲೆಯವರೇ ಆದ ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದ್ದು. ಈಗ ಕಟ್ಟುವ ಮನೆಗಳಿಗೆ ಪ್ರಧಾನ ಮಂತ್ರಿ ಆವಾಸ್ ಯೋಜನೆಯ ಹಣವೂ ಸೇರುತ್ತದೆ, ಆದರೂ ಊರಿನ ಬಾಯಲ್ಲಿ ಅವು ಆಶ್ರಯ ಮನೆಗಳೇ. 2015ರಲ್ಲಿ ಶುರುವಾದ ಆ ಯೋಜನೆಯ ಮೊದಲ ಹಂತದಲ್ಲಿ ಆರ್ಥಿಕವಾಗಿ ದುರ್ಬಲರಾದವರ ಮನೆಯ ಒಳ ಅಳತೆ 30 ಚದರ ಮೀಟರ್ ವರೆಗೆ ಇತ್ತು, ಅಂದರೆ ಸುಮಾರು 320 ಚದರ ಅಡಿ. ಒಂದು ಹಜಾರ, ಒಂದು ಕೋಣೆ, ಅಡುಗೆಮನೆ, ಬಚ್ಚಲು. ಇಷ್ಟರಲ್ಲಿ ನಾಲ್ಕು ಜನ ಉಸಿರಾಡಬೇಕು, ಅನ್ನ ಬೇಯಬೇಕು, ಮಳೆಗಾಲದಲ್ಲಿ ಒದ್ದೆ ಬಟ್ಟೆಯೂ ಇಲ್ಲೇ ಒಣಗಬೇಕು. ಈ ಕೊನೆಯದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ತವರು ತೀರ್ಥಹಳ್ಳಿ ಕಡೆ. ಅಲ್ಲಿಯ ಮಳೆಯ ಮುಂದೆ ಶಿವಮೊಗ್ಗದ ಮಳೆ ಏನೂ ಅಲ್ಲ. ಆದರೂ ಅಪ್ಪನ ಹೆಂಚಿನ ಮನೆಯಲ್ಲಿ ಬಟ್ಟೆ ಒಣಗುತ್ತಿತ್ತು, ಇಲ್ಲಿ ಒಣಗುವುದಿಲ್ಲ. ಕಾರಣ ಸರಳವಾಗಿದೆ. ಹೆಂಚಿನ ಸಂದಿನಲ್ಲಿ ಗಾಳಿ ಆಡುತ್ತಿತ್ತು, ಒಲೆಯ ಮೇಲಿನ ಅಟ್ಟಕ್ಕೆ ಇಡೀ ದಿನ ಹೊಗೆ ತಾಗುತ್ತಿತ್ತು, ಬಚ್ಚಲ ಒಲೆಯ ಬಿಸಿಗೆ ಕಂಬಳಿ ಕೂಡ ಬೆಚ್ಚಗಾಗುತ್ತಿತ್ತು. ಕಾಂಕ್ರೀಟಿನ ಮನೆಯಲ್ಲಿ ಗ್ಯಾಸ್ ಒಲೆ, ಮುಚ್ಚಿದ ಕಿಟಕಿ. ಒಳಗಿನ ಹಸಿ ಹೊರಗೆ ಹೋಗಲು ದಾರಿಯೇ ಇಲ್ಲದೆ ಗೋಡೆಯ ಮೂಲೆಗಳಲ್ಲಿ ಬೂಷ್ಟಾಗಿ ಕೂರುತ್ತದೆ. ಮೊದಲ ಮಳೆಯ ವಾರದಲ್ಲಿ ನುಣುಪಾದ ಟೈಲ್ಸ್ ನೆಲ ಬೆವರುವುದನ್ನು ನೋಡಿದವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಆದ್ದರಿಂದ ನಾವು ಮೊದಲು ಖರ್ಚು ಮಾಡಿದ್ದು ಚಾವಣಿಗೆ ಏರಿಸುವ ಬಟ್ಟೆ ಒಣಗಿಸುವ ಸರಳುಗಳ ಮೇಲೆ. ಆರು ಸರಳು, ಒಂದೊಂದಕ್ಕೂ ಪ್ರತ್ಯೇಕ ಹಗ್ಗ, ರಾಟೆ. ಕೆಳಗಿಳಿಸಿ ಬಟ್ಟೆ ಹರವಿ ಮೇಲಕ್ಕೆ ಎಳೆದು ಕಟ್ಟಿದರೆ ತಲೆಗೆ ತಾಗುವುದಿಲ್ಲ. ಕೂರಿಸಿದ ಕೂಲಿಯೂ ಸೇರಿ 1,100 ರೂಪಾಯಿ ಆಯಿತು. ಹಜಾರದ ನಡುವಿಗೆ, ಫ್ಯಾನಿನ ರೆಕ್ಕೆಗೆ ಸಾಕಷ್ಟು ದೂರ ಬಿಟ್ಟು, ಆದರೆ ಅದರ ಗಾಳಿ ಬೀಸುವ ಕಡೆಗೇ ಹಾಕಿಸಿ. ಮನೆಗೆ ಬಂದವರ ಕಣ್ಣಿಗೆ ಒಳ್ಳೆಯದಾಗಿ ಕಾಣುವುದಿಲ್ಲ ಎಂದು ನಾದಿನಿ ಹೇಳಿದಳು. ಮಕ್ಕಳು ಒದ್ದೆ ಸಮವಸ್ತ್ರ ಹಾಕಿಕೊಂಡು ಶಾಲೆಗೆ ಹೋಗುವುದು ಅದಕ್ಕಿಂತ ಕೆಟ್ಟದ್ದು ಎಂಬುದು ನನ್ನ ಉತ್ತರ, ಇವತ್ತಿಗೂ ಅದೇ.

ಆ ಫ್ಯಾನಿನ ವಿಷಯವನ್ನೂ ಹೇಳಬೇಕು. ಮಳೆಗಾಲದಲ್ಲಿ ಬಟ್ಟೆ ಒಣಗಲು ಅದು ರಾತ್ರಿ ಹಗಲು ತಿರುಗುತ್ತದೆ. ಸಾಧಾರಣ ಫ್ಯಾನ್ 75 ವಾಟ್ ಎಳೆಯುತ್ತದೆ, ಬಿಎಲ್‌ಡಿಸಿ ಎಂಬ ಹೊಸ ಬಗೆಯದು 30 ವಾಟ್ ಆಸುಪಾಸು. ದಿನಕ್ಕೆ 20 ಗಂಟೆ ಓಡಿದರೆ ಒಂದರದು ಒಂದೂವರೆ ಯೂನಿಟ್, ಇನ್ನೊಂದರದು ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು. ತಿಂಗಳಿಗೆ 27 ಯೂನಿಟ್ ಉಳಿಯುತ್ತದೆ. ಗೃಹಜ್ಯೋತಿಯಲ್ಲಿ 200 ಯೂನಿಟ್ ಎಲ್ಲರಿಗೂ ಉಚಿತ ಎಂದು ತಿಳಿದವರು ಬಹಳ ಮಂದಿ ಇದ್ದಾರೆ. 200 ಎಂಬುದು ಗರಿಷ್ಠ ಮಿತಿ, ಪ್ರತಿ ಮನೆಗೂ ಅದರೊಳಗೆ ಬೇರೆಯೇ ಒಂದು ಮಿತಿ ಇರುತ್ತದೆ. ಹೊಲಿಗೆ ಯಂತ್ರದ ಮೋಟಾರು, ಇಸ್ತ್ರಿಪೆಟ್ಟಿಗೆ ಇರುವ ನಮ್ಮಂಥ ಮನೆಯಲ್ಲಿ ಅದನ್ನು ದಾಟುವುದು ಸುಲಭ. ಅದಕ್ಕೇ ಹಜಾರಕ್ಕೆ ಮಾತ್ರ 2,700 ಕೊಟ್ಟು ಹೊಸ ಬಗೆಯ ಫ್ಯಾನ್ ತಂದೆವು. ಕೋಣೆಯಲ್ಲಿ ಬಾಡಿಗೆ ಮನೆಯಿಂದ ಬಿಚ್ಚಿ ತಂದ ಹಳೆಯ ಫ್ಯಾನೇ ತಿರುಗುತ್ತಿದೆ.

ಇನ್ನು ಮಂಚ. ಮಂಚಕ್ಕೆ ನಾನು ಬಹಳ ಹೊತ್ತು ಕೊಟ್ಟೆ, ನೀವೂ ಕೊಡಿ. ಅಂಗಡಿಯ ಗಾಜಿನ ಹಿಂದೆ ಹೊಳೆಯುವ ಮಂಚಗಳಲ್ಲಿ ಹೆಚ್ಚಿನವು ಮರದ ಪುಡಿಯನ್ನು ಅಂಟಿನಲ್ಲಿ ಒತ್ತಿದ ಹಲಗೆಗಳು. ಮೇಲೆ ಹೊಳಪಿನ ಹಾಳೆ ಅಂಟಿಸಿರುತ್ತಾರೆ, ಆದರೆ ಅಂಚಿನಲ್ಲಿ, ತಿರುಪು ಕೂರುವ ತೂತಿನಲ್ಲಿ ಹಲಗೆ ತೆರೆದೇ ಇರುತ್ತದೆ. ಮಲೆನಾಡಿನ ಹಸಿಗೆ ಅದು ಉಬ್ಬುತ್ತದೆ, ಉಬ್ಬಿದ ಮೇಲೆ ತಿರುಪು ಹಿಡಿಯುವುದಿಲ್ಲ. ನಮ್ಮ ಕೆಳಗಿನ ಮನೆಯವರ ಮಂಚ ಒಂದೇ ಮಳೆಗಾಲಕ್ಕೆ ನಡುವಿನಲ್ಲಿ ಕುಸಿಯಿತು. ಕಂತು ಮಾತ್ರ ಇನ್ನೂ ಬಾಕಿ ಇದೆ. ಅವರ ಮುಖ ನೋಡಿದರೆ ಸಂಕಟವಾಗುತ್ತದೆ.

ನಾವು ಹೋದದ್ದು ಸಾಮಿಲ್ ಪಕ್ಕದಲ್ಲೇ ಕೆಲಸ ಮಾಡುವ ಒಬ್ಬ ಬಡಗಿಯ ಹತ್ತಿರ. ಸಾಗುವಾನಿ, ಬೀಟೆ, ಹಲಸು ನಮ್ಮ ಹಣಕ್ಕೆ ಎಟುಕುವುದಿಲ್ಲ. ಎಟುಕುವುದು ಅಕೇಶಿಯಾ. ಭದ್ರಾವತಿಯ ಕಾಗದದ ಕಾರ್ಖಾನೆಗಾಗಿ ನಮ್ಮ ಗುಡ್ಡಗಳ ತುಂಬ ನೆಟ್ಟ ಮರ ಅದು. ಕಾಡಿಗೂ ದನಗಳ ಮೇವಿಗೂ ಅದು ಮಾಡಿದ ನಷ್ಟವನ್ನು ನಮ್ಮ ಕಡೆಯವರು ಬಲ್ಲರು. ಅದನ್ನು ಹೊಸದಾಗಿ ನೆಡಬಾರದೆಂದು ಹೋರಾಡಿದವರ ಪರವೇ ನಾನು. ಆದರೆ ಬೆಳೆದು ನಿಂತ ಮರವನ್ನು ಕಡಿದು ಮಂಚ ಮಾಡಿದರೆ ಅದರಲ್ಲಿ ತಪ್ಪೇನೂ ಇಲ್ಲ. ನೋಡಬೇಕಾದದ್ದು ಕೆಚ್ಚು, ಅಂದರೆ ಮರದ ನಡುವಿನ ಗಟ್ಟಿ ಭಾಗ. ಕಂದು ಬಣ್ಣದ ಕೆಚ್ಚಿಗೆ ಹುಳ ಬೀಳುವುದು ಕಡಿಮೆ, ಅಂಚಿನ ಬಿಳಿ ಭಾಗವನ್ನು ಮಾತ್ರ ಕುಟ್ಟೆ ಹುಳ ಬಿಡುವುದಿಲ್ಲ. ಬಿಳಿ ಭಾಗ ಬೇಡವೆಂದು ಮೊದಲೇ ಹೇಳಿ, ಹಲಗೆಗಳನ್ನು ಕಣ್ಣಾರೆ ನೋಡಿ. ಮರ ಹಸಿಯಾಗಿದ್ದರೆ ಕಾಯಿರಿ. ಹಸಿ ಅಕೇಶಿಯಾ ಸೊಟ್ಟಗಾಗುತ್ತದೆ, ಸೀಳುತ್ತದೆ. ನಮ್ಮ ಮಂಚದ ಹಲಗೆಗಳು ಬಡಗಿಯ ಕೊಟ್ಟಿಗೆಯಲ್ಲಿ ಬೇಸಿಗೆಯಿಡೀ ಗಾಳಿಗೆ ಒಣಗಿದ ಮೇಲೆ ಕೂಡಿಕೊಂಡವು. ಅಷ್ಟು ದಿನ ನಾವು ಚಾಪೆಯ ಮೇಲೆ ಮಲಗಿದೆವು.

8,500 ರೂಪಾಯಿಗೆ ಬಂದ ಆ ಮಂಚದ ಕಾಲುಗಳು 20 ಅಂಗುಲ ಎತ್ತರವಿವೆ. ಬಡಗಿ 14 ಸಾಕು ಎಂದಿದ್ದ, ನಾನು ಒಪ್ಪಲಿಲ್ಲ. ಈಗ ಮಂಚದ ಕೆಳಗೆ ಅಕ್ಕಿಯ ಡ್ರಮ್ಮು, ಎರಡು ಟ್ರಂಕು, ಹೊಲಿಯಲು ಬಂದ ಬಟ್ಟೆಗಳ ಬುಟ್ಟಿ ಕೂರುತ್ತವೆ, ಆದರೂ ಪೊರಕೆ ಆಡುತ್ತದೆ. ಚಿಕ್ಕ ಮನೆಯಲ್ಲಿ ಎತ್ತರದ ಮಂಚವೆಂದರೆ ಇನ್ನೊಂದು ಕೋಣೆ ಇದ್ದಂತೆ.

ಹಾಸಿಗೆಯನ್ನು ಹೊಸದಾಗಿ ಕೊಳ್ಳಲಿಲ್ಲ. ಮದುವೆಯಲ್ಲಿ ಕೊಟ್ಟ ಹತ್ತಿ ಹಾಸಿಗೆ ಗಂಟುಗಂಟಾಗಿತ್ತು. ಅದನ್ನು ಬಿಚ್ಚಿಸಿ, ಹತ್ತಿ ಹೊಡೆಸಿ, ಹೊಸ ಹೊದಿಕೆ ಹೊಲಿದೆ. ಇದನ್ನು ಶಿವರಾತ್ರಿಗೂ ಯುಗಾದಿಗೂ ನಡುವೆಯೇ ಮಾಡಿಸಬೇಕು. ಆಗ ಬಿಸಿಲು ಖಡಕ್ಕಾಗಿರುತ್ತದೆ, ಹತ್ತಿ ಒಳಗಿನವರೆಗೂ ಒಣಗುತ್ತದೆ. ಹತ್ತಿಯಲ್ಲಿ ಹಸಿ ಉಳಿದುಬಿಟ್ಟರೆ ಆಷಾಢದಲ್ಲಿ ವಾಸನೆ ತಡೆಯಲಾಗದು.

ಪರದೆಗಳಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ, ಹಳೆಯ ಸೀರೆಗಳಿದ್ದವು. ಒಂದು ಸೀರೆ ಐದೂವರೆ ಮೀಟರ್. ನಮ್ಮ ನಾಲ್ಕು ಅಡಿ ಎತ್ತರದ ಕಿಟಕಿಗೆ, ಮೇಲೆ ಸರಳು ತೂರಿಸುವ ಮಡಿಕೆ, ಕೆಳಗೆ ಮಡಿಚು ಬಿಟ್ಟರೂ, ಒಂದು ಸೀರೆಯಲ್ಲಿ ನಾಲ್ಕು ತುಂಡು ಬರುತ್ತದೆ. ಹೊಲಿಗೆಯವಳಾಗಿ ಒಂದು ಮಾತು ಖಂಡಿತವಾಗಿ ಹೇಳುತ್ತೇನೆ: ಮಳೆಗಾಲದಲ್ಲಿ ಕಿಟಕಿಗೆ ಹತ್ತಿ ಸೀರೆ ಬೇಡ. ಹತ್ತಿ ಹಸಿ ಹೀರುತ್ತದೆ, ಕಪ್ಪು ಚುಕ್ಕೆ ಬಂದರೆ ಹೋಗುವುದಿಲ್ಲ. ಪಾಲಿಯೆಸ್ಟರ್ ಸೀರೆ ಹಾಕಿ, ಒಗೆದ ಸಂಜೆಯೇ ಒಣಗುತ್ತದೆ. ಹತ್ತಿ ಸೀರೆಯ ಪರದೆಗಳನ್ನು ದೀಪಾವಳಿ ಕಳೆದ ಮೇಲೆ ಕಿಟಕಿಗೆ ಹಾಕಿ, ಬೇಸಿಗೆಯ ಬಿಸಿಲಿಗೆ ಅವುಗಳಷ್ಟು ತಂಪು ಬೇರೆಯದಿಲ್ಲ.

ಅಡುಗೆಮನೆಯಲ್ಲಿ ಮರದ ಕಪಾಟು ಬೇಡವೇ ಬೇಡ ಎಂದು ನನ್ನ ಹಟ. ಕಡಪ ಕಲ್ಲಿನ ಅಂಗಡಿಗಳಲ್ಲಿ ದೊಡ್ಡ ಮನೆಗಳಿಗೆ ಕೊಯ್ದು ಉಳಿದ ತುಂಡುಗಳು ರಾಶಿ ಬಿದ್ದಿರುತ್ತವೆ. ಅಳತೆ ಬರೆದುಕೊಂಡು ಹೋದರೆ ಅಗ್ಗಕ್ಕೆ ಕೊಡುತ್ತಾರೆ. ಮೂರು ಅಂತಸ್ತು ಕೂರಿಸಲು 2,400 ಆಯಿತು, ಅದನ್ನು ನಮ್ಮ ಅಣ್ಣನೇ ಕೊಟ್ಟ. ಗೃಹಪ್ರವೇಶಕ್ಕೆ ಏನು ತರಲಿ ಎಂದು ಕೇಳಿದವರಿಗೆ ಸಂಕೋಚ ಬಿಟ್ಟು ಬೇಕಾದದ್ದನ್ನೇ ಹೇಳಿ. ಕೇಳದಿದ್ದರೆ ಎಲ್ಲರೂ ಗೋಡೆ ಗಡಿಯಾರವನ್ನೇ ತರುತ್ತಾರೆ. ಅಣ್ಣನಿಗೆ ಕಲ್ಲು, ಚಿಕ್ಕಮ್ಮನಿಗೆ ಮುಚ್ಚಳ ಗಟ್ಟಿಯಿರುವ ಸ್ಟೀಲ್ ಡಬ್ಬಿಗಳು, ಯಜಮಾನರ ಗೆಳೆಯರಿಗೆಲ್ಲ ಸೇರಿ ನೀರಿನ ಡ್ರಮ್ಮು. ಯಾರೂ ಬೇಸರಪಡಲಿಲ್ಲ, ನಿಜವಾಗಿ ಸಂತೋಷಪಟ್ಟರು. ಡಬ್ಬಿಗಳನ್ನು ಗಾಂಧಿ ಬಜಾರಿನಲ್ಲಿ ಚಿಕ್ಕಮ್ಮನ ಜೊತೆ ನಾನೇ ನಿಂತು, ಒಂದೊಂದರ ಮುಚ್ಚಳವನ್ನೂ ತಿರುಗಿಸಿ ನೋಡಿ ಆರಿಸಿದೆ. ಸಡಿಲ ಮುಚ್ಚಳದ ಡಬ್ಬಿಯಲ್ಲಿ ಹಪ್ಪಳ ಎರಡು ದಿನಕ್ಕೆ ಮೆತ್ತಗಾಗುತ್ತದೆ. ಉಪ್ಪಿಗೆ, ಮಿಡಿ ಉಪ್ಪಿನಕಾಯಿಗೆ ಅಮ್ಮನ ಭರಣಿಗಳಿವೆ.

ಬಟ್ಟೆಗೆ ಹಳೆಯ ಕಬ್ಬಿಣದ ಬೀರು, 4,500. ಕೊಳ್ಳುವಾಗ ಬಾಗಿಲಿನ ಬಣ್ಣ ನೋಡುವವರೇ ಹೆಚ್ಚು. ಬಗ್ಗಿ ಅಡಿಯ ತಗಡು ನೋಡಿ, ತುಕ್ಕು ಹಿಡಿಯುವುದು ಅಲ್ಲಿಂದ. ನಾವು ಅದನ್ನು ಕಡಪ ಕಲ್ಲಿನ ತುಂಡುಗಳ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರ ಇಟ್ಟಿದ್ದೇವೆ. ಗೋಡೆಗೆ ಒತ್ತಿದ ಸಾಮಾನಿನ ಹಿಂದೆಯೇ ಬೂಷ್ಟು ಮೊದಲು ಹುಟ್ಟುವುದು. ಒಳಗೆ ಬಟ್ಟೆ ಚೀಲದಲ್ಲಿ ಇದ್ದಿಲು ಕಟ್ಟಿ ತೂಗುಹಾಕಿದ್ದೇನೆ. ಅದನ್ನು ಆಗಾಗ ಒಲೆಯ ಬಾಣಲೆಯಲ್ಲಿ ಬಿಸಿ ಮಾಡಿ ಮತ್ತೆ ಕಟ್ಟುತ್ತೇನೆ.

ಕುಳಿತುಕೊಳ್ಳಲು? ಹಜಾರದಲ್ಲಿ ಚಾಪೆ ಇದೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿಗಳಿವೆ. ಒಂದರ ಮೇಲೊಂದು ಪೇರಿಸಿದರೆ ನನಗೆ ಬಟ್ಟೆ ಕತ್ತರಿಸಲು ನೆಲವೆಲ್ಲ ಸಿಗುತ್ತದೆ. ಸೋಫಾ ಬಂದರೆ ಆ ಜಾಗ ಹೋಗುತ್ತದೆ, ಅದರ ಜೊತೆ ನನ್ನ ದುಡಿಮೆಯೂ ಹೋಗುತ್ತದೆ. ಖಾಲಿ ಹಜಾರ ನೋಡಿ ಅಯ್ಯೋ ಎನ್ನುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಮಗಳಿಗೆ ಓದುವ ಮೇಜು ಮಾತ್ರ ಇನ್ನೂ ಆಗಿಲ್ಲ. ಹಳೆಯ ಹೆಂಚಿನ ಮನೆಗಳನ್ನು ಕೆಡವಿದಾಗ ತೊಲೆ, ಪಕಾಸಿ, ಬಾಗಿಲುಗಳನ್ನು ಮಾರುವವರ ಹತ್ತಿರ ಹಲಸಿನ ಒಂದು ಬಾಗಿಲು 1,200ಕ್ಕೆ ಸಿಕ್ಕಿದೆ. ತಟ್ಟಿ ನೋಡಿದೆ, ಹುಡಿ ಉದುರಲಿಲ್ಲ, ಒರಲೆಯ ಗುರುತಿಲ್ಲ. ಎಷ್ಟೋ ಮಳೆಗಾಲ ಕಂಡ ಮರ, ಇನ್ನು ಸೊಟ್ಟಗಾಗುವುದಿಲ್ಲ. ಅಗುಳಿಯ ತೂತು ಮುಚ್ಚಿ ಕಾಲು ಕೂಡಿಸಲು ಬಡಗಿ 1,800 ಕೇಳಿದ್ದಾನೆ. ಇಟ್ಟುಕೊಂಡ ಹಣದಲ್ಲಿ ಅಷ್ಟು ಉಳಿದಿದೆ. ಎತ್ತರ 28 ಅಂಗುಲ, ಕಿಟಕಿಯ ಬೆಳಕು ಎಡಗಡೆಯಿಂದ ಬೀಳುವಂತೆ ಇಡಬೇಕು. ಅಳತೆ ಕೊಟ್ಟು ಬಂದಿದ್ದೇನೆ.