ಹಾರ್ಮೋನಿಕ್ ಮೈನರ್ ಅಭ್ಯಾಸ: ಈಗ ಎಡಗೈ ಸರದಿ

ಕೀಬೋರ್ಡ್ ಮೇಲೆ ಬಲಗೈಗೆ ಎ ಹಾರ್ಮೋನಿಕ್ ಮೈನರ್ (ಎ ಇಂದ ಶುರುವಾಗುವ, ಏಳನೇ ಸ್ವರವನ್ನು ಏರಿಸಿದ ಪಾಶ್ಚಾತ್ಯ ಸ್ವರಶ್ರೇಣಿ) ಹೆಚ್ಚುಕಡಿಮೆ ಕೂತಿದೆ. ಎ, ಬಿ, ಸಿ ಆದ ಕೂಡಲೇ ಹೆಬ್ಬೆರಳು ಕೆಳಗಿಂದ ನುಸುಳಿ ಡಿ ಹಿಡಿಯಬೇಕು, ಆಮೇಲೆ ಇ, ಎಫ್, ಉಂಗುರ ಬೆರಳಿಗೆ ಕಪ್ಪು ಕೀ ಜಿ ಶಾರ್ಪ್, ಕಿರುಬೆರಳಿಗೆ ಮತ್ತೆ ಎ. ಎ ಅನ್ನೇ ಷಡ್ಜ ಅಂದುಕೊಂಡರೆ ಇವು ಕರ್ನಾಟಕ ಸಂಗೀತದ 21ನೇ ಮೇಳಕರ್ತ (ಮೂಲ ರಾಗ) ಕೀರವಾಣಿಯ ಸ್ವರಸ್ಥಾನಗಳು. ಗಮಕವಿಲ್ಲದ, ಅಂದರೆ ಸ್ವರವನ್ನು ತೂಗಿ ಜಾರಿಸದ, ಈ ಏರಿಳಿತವನ್ನು ರಾಗ ಅನ್ನೋಕೆ ಮಾತ್ರ ನನಗೆ ಬಾಯಿ ಬರಲ್ಲ.

ಎಫ್‌ನಿಂದ ಜಿ ಶಾರ್ಪ್‌ಗೆ ಮೂರು ಸೆಮಿಟೋನ್ (ಕಪ್ಪು-ಬಿಳಿ ಸೇರಿಸಿ ಒಂದು ಕೀಯಿಂದ ಪಕ್ಕದ ಕೀಗಿರುವ ಅಂತರ) ಜಿಗಿತ. ಹಾಡೋಕೆ ತೊಡಕು ಅಂತ ಪಾಶ್ಚಾತ್ಯ ಪಠ್ಯಗಳು ಅದಕ್ಕೊಂದು ಪರಿಹಾರವನ್ನೂ ಇಟ್ಟಿವೆ: ಮೆಲೋಡಿಕ್ ಮೈನರ್. ಏರುವಾಗ ಎಫ್ ಅನ್ನೂ ಶಾರ್ಪ್ ಮಾಡಿ (ಒಂದು ಸೆಮಿಟೋನ್ ಏರಿಸಿ) ಅಂತರ ತಗ್ಗಿಸುತ್ತಾರೆ. ಆ ಆರೋಹಣ ನಮ್ಮ ಗೌರಿಮನೋಹರಿ. ಆ ಜಿಗಿತವೇನು ಅಷ್ಟು ಕಷ್ಟವಾ ಅನ್ನಿಸಿತು. ಸರಳೆ ವರಸೆಯನ್ನೇ ಮಾಯಾಮಾಳವಗೌಳ ರಾಗದಲ್ಲಿ ಶುರುಮಾಡುವ ಮಕ್ಕಳು ಶುದ್ಧ ಧೈವತದಿಂದ ಕಾಕಲಿ ನಿಷಾದಕ್ಕೆ ಇಷ್ಟೇ ದೂರವನ್ನು ಮೊದಲ ಪಾಠದಲ್ಲೇ ಹಾರುತ್ತಾರೆ.

ಕಿವಿಗೆ ಪರಿಚಯವಿದ್ದರೂ ಆ ನಿಷಾದವನ್ನು (ಇಲ್ಲಿ ಜಿ ಶಾರ್ಪ್) ಏರಿಸಿದ್ದು ಯಾಕೆ ಅನ್ನುವುದು ಎಡಗೈ ಇಟ್ಟ ಮೇಲೇ ತಿಳಿದದ್ದು. ನುಡಿಸುತ್ತಿರುವುದು ನಾಲ್ಕೇ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳ ಗುಂಪು): ಎ ಮೈನರ್, ಡಿ ಮೈನರ್, ಇ ಮೇಜರ್, ಮತ್ತೆ ಎ ಮೈನರ್. ಮೊದಲು ಎ-ಸಿ-ಇ. ಕಿರುಬೆರಳು ಎ ಮೇಲೇ ಇರುವಂತೆ ಎ-ಡಿ-ಎಫ್. ಆಮೇಲೆ ಜಿ ಶಾರ್ಪ್-ಬಿ-ಇ. ಕಿರುಬೆರಳು ಎ ಬಿಟ್ಟು ಪಕ್ಕದ ಕಪ್ಪು ಕೀಗೆ ಇಳಿದದ್ದೇ ತಡ, ವಾಪಸ್ ಹೋಗು ಅಂತ ಕಿವಿ ಒತ್ತಾಯ ಮಾಡುತ್ತೆ. ಅದೇ ಜಾಗದಲ್ಲಿ ನ್ಯಾಚುರಲ್ ಮೈನರ್‌ನ ಏರಿಸದ ಬರೀ ಜಿ ಇಟ್ಟು ನೋಡಿದೆ. ಆಗ ಅದು ಇ ಮೈನರ್. ಕೇಳೋಕೆ ಇಂಪಾಗಿಯೇ ಇದೆ, ಆದರೆ ಎ ಕಡೆ ಎಳೆತವೇ ಇಲ್ಲ, ಅಲ್ಲೇ ನಿಂತರೂ ನಡೆಯುತ್ತೆ. ಇ ಮೇಜರ್‌ಗೆ ಡಿ ಕೂಡಿಸಿ ಇ ಸೆವೆಂತ್ ಮಾಡಿದರೆ ಎಳೆತ ಇನ್ನೂ ಜೋರು: ಜಿ ಶಾರ್ಪ್ ಮೇಲೇರಿ ಎ ಸೇರುತ್ತೆ, ಡಿ ಕೆಳಗಿಳಿದು ಸಿ ಆಗುತ್ತೆ. ಅಂದರೆ ಜಿ ಶಾರ್ಪ್ ಬಂದಿರುವುದು ಈ ಕಾರ್ಡ್‌ಗೋಸ್ಕರ. ಎಫ್ ಜೊತೆಗಿನ ಆ ದೊಡ್ಡ ಅಂತರ ಅದರ ಹಿಂದೆ ಬಂದ ಬಾಲ. ಕೀರವಾಣಿಗೆ ಇಂಥ ಕಾರಣವೇ ಬೇಡ, ಮೇಳಕರ್ತ ಪಟ್ಟಿಯಲ್ಲಿ ನಠಭೈರವಿಯ (ನ್ಯಾಚುರಲ್ ಮೈನರ್ ಸ್ವರಗಳೇ ಇರುವ ರಾಗ) ಪಕ್ಕದಲ್ಲಿ ಅದು ಸ್ವತಂತ್ರವಾಗಿ ಕೂತಿದೆ.

ಅಭ್ಯಾಸಕ್ಕೆ ಕೂರುವಾಗ ತಂಬೂರಿ ಆ್ಯಪ್ ಹಾಕುವುದು ರೂಢಿ. ಇ ಮೇಜರ್ ಬಂದಾಗ ಅದರ ಎ ಶ್ರುತಿಗೆ ಜಿ ಶಾರ್ಪ್ ಕರಕರ ಅಂತ ಉಜ್ಜುತ್ತೆ. ಕಾರ್ಡ್ ನುಡಿಸುವಾಗ ತಂಬೂರಿ ಬಂದ್ ಮಾಡಿದ್ದೇನೆ. ಷಡ್ಜ ಅಲ್ಲಾಡದೆ ನಿಂತಿದ್ದರೆ ಷಡ್ಜಕ್ಕೆ ಮರಳಿದ ಸಮಾಧಾನವೂ ಅರ್ಧ ಕರಗಿಹೋಗುತ್ತೆ.

ನಡುವೆ ಗ್ರಹಭೇದದ, ಅಂದರೆ ಅವೇ ಸ್ವರಗಳಲ್ಲಿ ಬೇರೊಂದನ್ನು ಷಡ್ಜ ಮಾಡಿಕೊಳ್ಳುವ, ಆಟವೂ ಆಯ್ತು. ಅದೇ ಕೀಗಳನ್ನು ಇ ಇಂದ ಶುರುಮಾಡಿದರೆ ವಕುಳಾಭರಣ. ಪಾಶ್ಚಾತ್ಯರು ಫ್ರಿಜಿಯನ್ ಡಾಮಿನೆಂಟ್ ಅನ್ನುವುದು ಇದನ್ನೇ, ಫ್ಲಮೆಂಕೊದಲ್ಲಿ ಧಾರಾಳವಾಗಿ ಕೇಳಸಿಗುತ್ತೆ. ಡಿ ಇಂದ ಹೇಮವತಿ, ಎಫ್ ಇಂದ ಕೋಸಲ.

ಮುಂದಿನದು ಡಿ ಮೈನರ್. ಬಲಗೈಗೆ ಇದೇ ಬೆರಳುಗಳು, ಎಡಗೈಯ ಕಿರುಬೆರಳು ಡಿ ಇಂದ ಸಿ ಶಾರ್ಪ್‌ಗೆ ಇಳಿದು ಹತ್ತಬೇಕು. ಬಿ ಫ್ಲಾಟ್ ಮತ್ತು ಸಿ ಶಾರ್ಪ್ ಎರಡೂ ಕಪ್ಪು ಕೀಗಳೇ ಆದ್ದರಿಂದ ಮೆಟ್ರೊನೋಮ್ (ಲಯ ಎಣಿಸುವ ಸಾಧನ) ಮತ್ತೆ ನಿಮಿಷಕ್ಕೆ 60 ಬಡಿತಕ್ಕೆ.