ಥಿಯೇಟರ್ ಅಂದ್ರೆ ಯಾವ ಥಿಯೇಟರ್?

ನಾನು ರಂಗಭೂಮಿಯ ಬಗ್ಗೆ ಓದುತ್ತೇನೆ, ಅದನ್ನೇ ಪಾಠ ಮಾಡುತ್ತೇನೆ. ಮದುವೆ ಮನೆಯಲ್ಲೋ ರೈಲಿನಲ್ಲೋ ಹೀಗೆ ಹೇಳಿದ ಕೂಡಲೇ ಒಂದು ಪ್ರಶ್ನೆ ಬರುತ್ತದೆ: "ಥಿಯೇಟರ್ ಅಂದ್ರೆ ಯಾವ ಥಿಯೇಟರ್?" ಕೇಳುವುದರಲ್ಲಿ ತಪ್ಪೇನಿಲ್ಲ. ನಮ್ಮಲ್ಲಿ ಥಿಯೇಟರ್ ಅಂದರೆ ಮೊದಲು ನೆನಪಾಗುವುದು ಸಿನಿಮಾ ಟಾಕೀಸು. ಆಸ್ಪತ್ರೆಯಲ್ಲಿ ಆಪರೇಷನ್ ಥಿಯೇಟರ್ ಇದೆ. ಪೇಪರ್ ತೆಗೆದರೆ ಸೈನ್ಯದ ಥಿಯೇಟರ್ ಕಮಾಂಡ್ ಸುದ್ದಿ. ಕಳೆದ ವರ್ಷ ಸಮಾಜಶಾಸ್ತ್ರ ಓದುವ ಹುಡುಗಿಯೊಬ್ಬಳು ಬಂದು, "ಮೇಡಂ, ನಮ್ಮ ಸಿಲಬಸ್‌ನಲ್ಲೂ ರಂಗಭೂಮಿ ಬರುತ್ತೆ. ಆದ್ರೆ ಅದ್ರಲ್ಲಿ ನಾಟಕಾನೇ ಇಲ್ಲ. ಇವೆಲ್ಲಾ ಒಂದೇನಾ?" ಅಂದಳು. ಅವತ್ತು ಅವಸರದಲ್ಲಿ ಏನೋ ಹೇಳಿ ಕಳಿಸಿದೆ. ಸರಿಯಾದ ಉತ್ತರ ಬರೆಯಬೇಕು ಅಂತ ಆಗಿನಿಂದ ಮನಸ್ಸಿನಲ್ಲಿತ್ತು.

ಮೂರು ವರ್ಷದ ಹಿಂದೆ ಅಮ್ಮನಿಗೆ ಪಿತ್ತಕೋಶದ ಆಪರೇಷನ್ ಆಯಿತು. ಸ್ಟ್ರೆಚರ್ ತಳ್ಳುತ್ತಿದ್ದ ನರ್ಸು, "ಥಿಯೇಟರ್‌ಗೆ ಕರ್ಕೊಂಡು ಹೋಗ್ತಿದ್ದೀವಿ, ನೀವು ಇಲ್ಲೇ ಕೂತಿರಿ" ಅಂದರು. ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು. ಎರಡು ಗಂಟೆ ಹೊತ್ತು ಆ ಬಾಗಿಲು ಬಿಟ್ಟು ನನಗೆ ಬೇರೇನೂ ಕಾಣಲಿಲ್ಲ. ಅಮ್ಮನ ಚಪ್ಪಲಿ ನನ್ನ ಕೈಯಲ್ಲಿತ್ತು. ಯಾರಿಗೂ ನೋಡಲು ಬಿಡದ ಕೋಣೆಗೆ ಥಿಯೇಟರ್ ಅಂತ ಯಾಕೆ ಹೆಸರಿಟ್ಟರು ಅನ್ನುವ ಯೋಚನೆ ಆ ಬೆಂಚಿನ ಮೇಲೆ ಬಂತು.

ಉತ್ತರ ಹಳೆಯ ಕಟ್ಟಡಗಳಲ್ಲಿದೆ. ಇಟಲಿಯ ಪಡುವಾ ವಿಶ್ವವಿದ್ಯಾಲಯದಲ್ಲಿ 1595ರಲ್ಲಿ ಹೆಣ ಕೊಯ್ದು ತೋರಿಸಲು ಒಂದು ಥಿಯೇಟರ್ ಕಟ್ಟಿದರು. ಮೊಟ್ಟೆಯ ಆಕಾರದ ಆರು ಮರದ ಅಂತಸ್ತುಗಳು ಒಂದರ ಮೇಲೊಂದು. ತಳದಲ್ಲಿ ಒಂದೇ ಒಂದು ಮೇಜು. ವಿದ್ಯಾರ್ಥಿಗಳು ಕಟಕಟೆಗೆ ಒರಗಿ ನಿಂತು ಕೆಳಗೆ ನೋಡುತ್ತಿದ್ದರು. ಲಂಡನ್ನಿನಲ್ಲಿ ಒಂದು ಚರ್ಚಿನ ಅಟ್ಟದಲ್ಲಿ 1822ರ ಆಪರೇಷನ್ ಥಿಯೇಟರ್ ಇವತ್ತಿಗೂ ಇದೆ, ಈಗ ಮ್ಯೂಸಿಯಂ ಆಗಿದೆ. ಅಲ್ಲೂ ಅರ್ಧಚಂದ್ರದ ಹಾಗೆ ನಿಲ್ಲುವ ಮೆಟ್ಟಿಲುಗಳು, ನಡುವೆ ಮರದ ಮೇಜು. ಅರಿವಳಿಕೆ ಇನ್ನೂ ಬಂದಿರಲಿಲ್ಲ. ಕಿರುಚುವ ರೋಗಿಯನ್ನು ಹಿಡಿದುಕೊಂಡು ಬೇಗ ಬೇಗ ಕೊಯ್ದು ಮುಗಿಸಬೇಕಿತ್ತು. ಅದನ್ನು ನೋಡಿ ಕಲಿಯಲು ಜನ ತುಂಬಿಕೊಳ್ಳುತ್ತಿದ್ದರು. 1867ರಲ್ಲಿ ಬ್ರಿಟನ್ನಿನ ಸರ್ಜನ್ ಲಿಸ್ಟರ್ ಗಾಯ ಕೊಳೆಯದಂತೆ ತಡೆಯುವ ವಿಧಾನ ಬರೆದು ಪ್ರಕಟಿಸಿದ. ಕಣ್ಣಿಗೆ ಕಾಣದ ಕ್ರಿಮಿಗಳ ವಿಷಯ ನಿಧಾನವಾಗಿ ಎಲ್ಲರಿಗೂ ತಿಳಿಯಿತು. ನೋಡುವವರ ಉಸಿರು, ಬಟ್ಟೆ, ಧೂಳು ಎಲ್ಲವೂ ರೋಗಿಗೆ ಅಪಾಯ ಅಂತಾಯಿತು. ಪ್ರೇಕ್ಷಕರು ಹೊರಗೆ ಹೋದರು. ಹೆಸರು ಒಳಗೇ ಉಳಿಯಿತು.

ಗ್ರೀಕರ ‘ಥಿಯಾಟ್ರಾನ್’ ಅನ್ನುವ ಮಾತಿಗೆ ಅರ್ಥವೇ ನೋಡುವ ಜಾಗ. ಮೊದಲಿಗೆ ಅದು ನಟರು ನಿಲ್ಲುವ ಕಡೆಗಲ್ಲ, ಜನ ಕೂರುವ ಗುಡ್ಡದ ಇಳಿಜಾರಿಗೆ ಇದ್ದ ಹೆಸರು. ನಾಟ್ಯಶಾಸ್ತ್ರ ಬರೆದ ನಮ್ಮ ಭರತನೂ ನಾಟಕದ ಮನೆಗೆ ‘ಪ್ರೇಕ್ಷಾಗೃಹ’ ಅಂತಲೇ ಕರೆದ, ಅಂದರೆ ನೋಡುವ ಮನೆ. ಆ ಮನೆ ಕಟ್ಟಿದ್ದರ ಹಿಂದೆ ಒಂದು ಗಲಾಟೆ ಇದೆ. ನಾಟ್ಯಶಾಸ್ತ್ರದ ಮೊದಲ ಅಧ್ಯಾಯದಲ್ಲಿ ಮೊದಲ ನಾಟಕ ಬಯಲಲ್ಲೇ ನಡೆಯುತ್ತದೆ. ವಿಷಯ ದೇವತೆಗಳು ಅಸುರರನ್ನು ಗೆದ್ದದ್ದು. ನೋಡಲು ಬಂದ ಅಸುರರಿಗೆ ಸಿಟ್ಟು ಬಂತು. ನಟರ ಮಾತು, ಚಲನೆ, ನೆನಪು ಎಲ್ಲವನ್ನೂ ಕಟ್ಟಿಹಾಕಿದರು. ಇಂದ್ರ ತನ್ನ ಧ್ವಜದ ಕೋಲು ತಗೊಂಡು ಹೊಡೆದ. ಆಮೇಲೆ ಬ್ರಹ್ಮ ವಿಶ್ವಕರ್ಮನಿಗೆ ಹೇಳಿ ಮನೆ ಕಟ್ಟಿಸಿದ. ಎರಡನೆಯ ಅಧ್ಯಾಯ ಪೂರ್ತಿ ಅದರ ಅಳತೆ. ಮನುಷ್ಯರಿಗೆ 64 ಮೊಳ ಉದ್ದ, 32 ಮೊಳ ಅಗಲ ಸಾಕು, ಇದಕ್ಕಿಂತ ದೊಡ್ಡದು ಮಾಡಿದರೆ ಮಾತು ಸ್ಪಷ್ಟವಾಗಿ ಕೇಳುವುದಿಲ್ಲ, ಮುಖದ ಭಾವ ಕಾಣುವುದಿಲ್ಲ ಅನ್ನುತ್ತಾನೆ ಭರತ. ಕಟ್ಟಡದ ಅಳತೆ ನಿಂತಿರುವುದು ನೋಡುವವನ ಕಣ್ಣು ಕಿವಿಯ ಮೇಲೆ. ಇದನ್ನು ಓದಿದಾಗಲೆಲ್ಲ ನನಗೆ ಖುಷಿಯಾಗುತ್ತದೆ.

ಕನ್ನಡದಲ್ಲಿ ‘ರಂಗ’ ಅನ್ನುವ ಮಾತು ಎಷ್ಟು ದೂರ ಹೋಗಿದೆ ನೋಡಿ. ರಣರಂಗ, ಚಿತ್ರರಂಗ, ಶಿಕ್ಷಣ ರಂಗ, ಕೃಷಿ ರಂಗ, ಚುನಾವಣೆ ಬಂದರೆ ತೃತೀಯ ರಂಗ. (ಅಂತರಂಗ, ಬಹಿರಂಗ ಮಾತ್ರ ಈ ಸಾಲಿಗೆ ಸೇರಲ್ಲ. ಅವು ಅಂಗದಿಂದ ಬಂದವು.) ಒಂದು ಕೆಲಸ ನಾಲ್ಕು ಜನರ ಎದುರು ನಡೆಯುತ್ತದೆ ಅಂದರೆ ನಾವು ಅದಕ್ಕೊಂದು ರಂಗ ಹಾಕಿಬಿಡುತ್ತೇವೆ.

ಯುದ್ಧಶಾಸ್ತ್ರದ ಥಿಯೇಟರ್ ಕೂಡ ಇಂಥದ್ದೇ. ಪ್ರಷ್ಯಾದ ಸೇನಾಧಿಕಾರಿ ಕ್ಲಾಸ್‌ವಿಟ್ಸ್ ಯುದ್ಧದ ಬಗ್ಗೆ ಬರೆದದ್ದು ಅವನು ತೀರಿಕೊಂಡ ಮರುವರ್ಷ, 1832ರಲ್ಲಿ, ಅಚ್ಚಾಗತೊಡಗಿತು. ಗಡಿಗಳು ಭದ್ರವಾಗಿದ್ದು, ತನ್ನಷ್ಟಕ್ಕೆ ತಾನು ಒಂದು ಘಟಕವಾಗಿ ನಿಲ್ಲಬಲ್ಲ ಯುದ್ಧದ ಭಾಗ ಅಂತ ಅವನು ಈ ಪದವನ್ನು ಬಿಡಿಸಿದ. 2020ರ ಜನವರಿಯಲ್ಲಿ ಭಾರತಕ್ಕೆ ಮೊದಲ ಸಿ.ಡಿ.ಎಸ್. (ಚೀಫ್ ಆಫ್ ಡಿಫೆನ್ಸ್ ಸ್ಟಾಫ್, ಮೂರೂ ಪಡೆಗಳನ್ನು ಜೋಡಿಸುವ ಹುದ್ದೆ) ಬಂದ ಮೇಲೆ ನಾವು ಜಾಸ್ತಿ ಕೇಳುತ್ತಿರುವ ಥಿಯೇಟರ್ ಕಮಾಂಡ್ ಇದೇ ಅರ್ಥದ್ದು: ಒಂದು ಪ್ರದೇಶ, ಅಲ್ಲಿನ ಮೂರೂ ಪಡೆಗಳಿಗೆ ಒಬ್ಬರೇ ಮುಖ್ಯಸ್ಥರು. ಆದರೆ ಈ ಥಿಯೇಟರ್ ಕಾಣುವುದು ಯಾರಿಗೆ? ಬಂಕರಿನಲ್ಲಿ ಕೂತ ಸಿಪಾಯಿಗೆ ಮುಂದಿನ ಒಂದಷ್ಟು ಗಜ ಮಾತ್ರ ಕಾಣುತ್ತದೆ. ಪೂರ್ತಿ ಕಾಣುವುದು ನಕ್ಷೆ ಹರಡಿಕೊಂಡು ನಿಂತವರಿಗೆ. 1570ರಲ್ಲಿ ಆಂಟ್ವರ್ಪ್‌ನಲ್ಲಿ ಓರ್ಟೀಲಿಯಸ್ ಅನ್ನುವ ನಕ್ಷೆಗಾರ ನಕ್ಷೆಗಳನ್ನೆಲ್ಲ ಒಟ್ಟು ಹೊಲಿದು ಪುಸ್ತಕ ಮಾಡಿದಾಗ ಅದಕ್ಕೆ ಭೂಮಂಡಲದ ಥಿಯೇಟರ್ ಅಂತಲೇ ಹೆಸರಿಟ್ಟಿದ್ದ.

ಈಗ ಆ ಹುಡುಗಿಯ ಸಿಲಬಸ್ಸಿಗೆ ಬರುತ್ತೇನೆ. ಅವಳು ಓದಬೇಕಿದ್ದದ್ದು ಅರ್ವಿಂಗ್ ಗಾಫ್‌ಮನ್. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಶೆಟ್ಲೆಂಡ್ ದ್ವೀಪದಲ್ಲಿ ಇದ್ದುಕೊಂಡು ಅಲ್ಲಿನ ಜನರ ದಿನದ ಬದುಕನ್ನು ನಾಟಕದ ಹಾಗೆ ನೋಡಿ 1956ರಲ್ಲಿ ಬರೆದ ಸಮಾಜಶಾಸ್ತ್ರಜ್ಞ. ಅವನ ಬರಹದಲ್ಲಿ ನನಗೆ ತುಂಬಾ ಇಷ್ಟವಾದದ್ದು ಅಲ್ಲಿನ ಒಂದು ಸಣ್ಣ ಹೋಟೆಲು. ಊಟದ ಹಾಲಿನಲ್ಲಿ ಎಲ್ಲ ಅಚ್ಚುಕಟ್ಟು. ಅಡುಗೆಮನೆಗೆ ಹೋದರೆ ಗಿರಾಕಿಗಳು ತಿಂದು ಬಿಟ್ಟ ಬೆಣ್ಣೆಯನ್ನು ಮತ್ತೆ ಉಂಡೆ ಕಟ್ಟಿ, ಹೊಸದರಂತೆ ಮಾಡಿ ಹೊರಗೆ ಕಳಿಸುತ್ತಿದ್ದಾರೆ. ಇವೆರಡರ ನಡುವೆ ಒಂದು ಬಾಗಿಲು. ಓಡಾಡಲು ಸಲೀಸು ಅಂತ ಕೆಲಸದ ಹುಡುಗಿಯರಿಗೆ ಅದು ತೆರೆದಿರಬೇಕು. ಮಾಲೀಕರಿಗೆ ಮುಚ್ಚಿರಬೇಕು. ದಿನಾ ಅದೇ ಜಗಳ. ಗಾಫ್‌ಮನ್ ಇದನ್ನು ಮುಂಭಾಗ, ಹಿಂಭಾಗ ಅಂತ ವಿಂಗಡಿಸಿದ. ನಮ್ಮ ಯಕ್ಷಗಾನದವರಿಗೆ ಇದನ್ನು ವಿವರಿಸುವುದೇ ಬೇಡ. ಒಂದು ರಂಗಸ್ಥಳ, ಇನ್ನೊಂದು ವೇಷ ಹಾಕಿಕೊಳ್ಳುವ ಚೌಕಿ. ಚೌಕಿಯಲ್ಲಿ ಬೀಡಿ ಸೇದುತ್ತಾ ಕೂತ ದೇವೇಂದ್ರನನ್ನು ನೋಡಿದವರಿಗೆ ಸಮಾಜಶಾಸ್ತ್ರದ ಈ ಅಧ್ಯಾಯ ಅರ್ಧ ಗೊತ್ತಿರುತ್ತದೆ.

ಮಾನವಶಾಸ್ತ್ರದವರದು ಇನ್ನೊಂದು ದಾರಿ. ಬಾಲಿ ದ್ವೀಪದ 19ನೇ ಶತಮಾನದ ರಾಜ್ಯಗಳ ಬಗ್ಗೆ ಕ್ಲಿಫರ್ಡ್ ಗೀರ್ಟ್ಸ್ 1980ರಲ್ಲಿ ಬರೆದ. ಅಲ್ಲಿ ಅರಸನ ಮೆರವಣಿಗೆ, ದೊಡ್ಡ ದೊಡ್ಡ ಶವಸಂಸ್ಕಾರ ಇವೆಲ್ಲ ಅಧಿಕಾರಕ್ಕೆ ಹಚ್ಚಿದ ಬಣ್ಣವಾಗಿರಲಿಲ್ಲ, ರಾಜ್ಯ ಇದ್ದದ್ದೇ ಅವನ್ನು ನಡೆಸುವುದಕ್ಕೆ ಅನ್ನುವುದು ಅವನ ವಾದ. ‘ರಂಗಭೂಮಿ ರಾಜ್ಯ’ ಅಂತ ಕರೆದ. ಇದು ನನಗೆ ತಲೆಗೆ ಹೋದದ್ದು ಹಂಪಿಯ ಮಹಾನವಮಿ ದಿಬ್ಬದ ಮೇಲೆ ನಿಂತಾಗ. ಕೆಳಗೆ ಕಲ್ಲಿನಲ್ಲಿ ಸಾಲು ಸಾಲು ಆನೆ, ಕುಣಿಯುವ ಹೆಂಗಸರು, ಬೇಟೆ. ಮೇಲೆ ಹತ್ತಿದರೆ ಸುತ್ತಲಿನ ಬಯಲು ಪೂರ್ತಿ ಕಾಣುತ್ತದೆ. ಕೃಷ್ಣದೇವರಾಯನ ಕಾಲದಲ್ಲಿ ಇಲ್ಲಿ ನಡೆಯುತ್ತಿದ್ದ ನವರಾತ್ರಿಯನ್ನು ಪೋರ್ಚುಗೀಸ್ ಪ್ರವಾಸಿ ಪಾಯೆಸ್ ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅರಸ ಎತ್ತರದಿಂದ ಜನರನ್ನು ನೋಡುತ್ತಿದ್ದ. ಅಷ್ಟೇ ಅಲ್ಲ, ಅಷ್ಟು ಜನಕ್ಕೂ ಅವನು ಕಾಣಬೇಕಿತ್ತು.

ಇಲ್ಲೊಂದು ಜಗಳ ನನಗೂ ಇದೆ. "ನಾಟಕ ಆಡಬೇಡ" ಅಂದರೆ ಸುಳ್ಳು ಹೇಳಬೇಡ ಅಂತ ನಮ್ಮಲ್ಲಿ ಅರ್ಥ. ಭದ್ರತಾ ಶಾಸ್ತ್ರದವರೂ ಹೀಗೇ ಮಾಡಿದ್ದಾರೆ. ಭದ್ರತೆ ಇದೆ ಅನ್ನಿಸುವಂತೆ ಮಾಡಿ ನಿಜವಾಗಿ ಏನೂ ಕಾಯದ ತಪಾಸಣೆಗೆ ‘ಸೆಕ್ಯೂರಿಟಿ ಥಿಯೇಟರ್’ ಅನ್ನುತ್ತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಸುಳ್ಳು ನಡೆಯಬೇಕಾದರೆ ಕೇಳುವವನಿಗೆ ಅದು ಸುಳ್ಳು ಅಂತ ಗೊತ್ತಾಗಬಾರದು. ನಾಟಕದಲ್ಲಿ ಟಿಕೆಟ್ ತಗೊಂಡವನಿಗೆ ಎಲ್ಲಾ ಗೊತ್ತಿರುತ್ತದೆ, ಆದರೂ ಅಳುತ್ತಾನೆ. ತತ್ವಶಾಸ್ತ್ರದಲ್ಲಿ ಜೆ. ಎಲ್. ಆಸ್ಟಿನ್ ಅಂತ ಒಬ್ಬರು. ಹೇಳಿದೊಡನೆ ಕೆಲಸವೇ ಆಗಿಬಿಡುವ ಮಾತುಗಳಿವೆ ಅಂತ 1955ರಲ್ಲಿ ಹಾರ್ವರ್ಡ್‌ನಲ್ಲಿ ಉಪನ್ಯಾಸ ಕೊಟ್ಟರು. ಮಾತು ಕೊಡುವುದು, ಮದುವೆಗೆ ಒಪ್ಪುವುದು, ಹೀಗೆ. ಆದರೆ ಅದೇ ಮಾತನ್ನು ನಟ ಸ್ಟೇಜಿನ ಮೇಲೆ ಹೇಳಿದರೆ ಟೊಳ್ಳು ಅಂತ ಪಕ್ಕಕ್ಕಿಟ್ಟರು. ಕಂಪನಿ ನಾಟಕದ ಹೀರೊ ಪ್ರತಿ ರಾತ್ರಿ ತಾಳಿ ಕಟ್ಟುತ್ತಾನೆ, ಮದುವೆ ಆಗುವುದಿಲ್ಲ, ನಿಜ. ಆದರೆ ಏನೂ ಆಗುವುದಿಲ್ಲ ಅಂತಲ್ಲ. ಮೂರನೇ ಸಾಲಿನಲ್ಲಿ ಕೂತ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡದ್ದು ಟೊಳ್ಳಲ್ಲ.

ಎಲ್ಲದಕ್ಕೂ ಥಿಯೇಟರ್ ಅನ್ನುವುದೂ ಸರಿಯಲ್ಲ. ತುಳುನಾಡಿನ ಭೂತಕೋಲವನ್ನು ನಮ್ಮ ವಿದ್ವಾಂಸರು ‘ಆಚರಣೆಯ ರಂಗಭೂಮಿ’ ಅಂತ ಬರೆಯುತ್ತಾರೆ. ಬಣ್ಣ ಇದೆ, ಬೆನ್ನಿಗೆ ಕಟ್ಟುವ ಅಣಿ ಇದೆ, ಕುಣಿತ ಇದೆ, ಸುತ್ತ ಜನ ಇದ್ದಾರೆ. ಆದರೆ ಜಾಗದ ತಕರಾರು ಹಿಡಿದುಕೊಂಡು ದೈವದ ನುಡಿಗಾಗಿ ಕೈ ಮುಗಿದು ನಿಂತವರು ಪ್ರೇಕ್ಷಕರೇ? ಅವರು ನೋಡಲು ಬಂದವರಲ್ಲ. ಅಲ್ಲಿ ನಾನು ಈ ಪದ ಬಳಸುವುದಿಲ್ಲ.

ಹಾಗಾದರೆ ಇವೆಲ್ಲ ಒಂದೇನಾ ಅನ್ನುವ ಪ್ರಶ್ನೆಗೆ ಈಗ ನನ್ನ ಹತ್ತಿರ ಇರುವ ಉತ್ತರ ಮಹಾಭಾರತದ ಒಂದು ಮಧ್ಯಾಹ್ನ. ಆದಿಪರ್ವದಲ್ಲಿ ದ್ರೋಣ ಶಿಷ್ಯರ ವಿದ್ಯೆ ತೋರಿಸಲು ಒಂದು ನೆಲ ಅಳೆಸುತ್ತಾನೆ. ಮರ ಇಲ್ಲ, ಪೊದೆ ಇಲ್ಲ, ಸಮತಟ್ಟು ನೆಲ. ಮೂಲದಲ್ಲಿ ಅದಕ್ಕಿರುವ ಹೆಸರು ‘ರಂಗಭೂಮಿ’. ಅರಸನಿಗೂ ಹೆಂಗಸರಿಗೂ ನೋಡಲು ಶಿಲ್ಪಿಗಳು ಪ್ರೇಕ್ಷಾಗಾರ ಕಟ್ಟುತ್ತಾರೆ. ಊರಿನವರು ತಾವೇ ಅಟ್ಟಣಿಗೆ ಹಾಕಿಕೊಳ್ಳುತ್ತಾರೆ. ಬಿಲ್ಲು, ಕತ್ತಿ, ಗದೆ ಎಲ್ಲ ಪ್ರದರ್ಶನ ಆಗುತ್ತದೆ. ಆಗ ಕರ್ಣ ಬರುತ್ತಾನೆ. ಅರ್ಜುನ ಮಾಡಿದ್ದನ್ನೆಲ್ಲ ಮಾಡಿ ತೋರಿಸಿ, ಕಾದಾಟಕ್ಕೆ ಕರೆಯುತ್ತಾನೆ. ನಿನ್ನ ಕುಲ ಯಾವುದು ಅಂತ ಕೃಪ ಕೇಳುತ್ತಾನೆ. ದುರ್ಯೋಧನ ಅಲ್ಲೇ, ಎಲ್ಲರ ಕಣ್ಣೆದುರೇ, ಅವನನ್ನು ಅಂಗರಾಜ್ಯಕ್ಕೆ ಅರಸನನ್ನಾಗಿ ಮಾಡುತ್ತಾನೆ. ಬೆವರುತ್ತಾ, ಕೋಲೂರಿಕೊಂಡು, ಕರ್ಣನನ್ನು ಸಾಕಿದ ಮುದುಕ ಅಧಿರಥ ಬರುತ್ತಾನೆ. ಕರ್ಣ ಅಭಿಷೇಕದ ನೀರು ಇನ್ನೂ ಆರದ ತಲೆಯನ್ನು ಅವನ ಮುಂದೆ ಬಗ್ಗಿಸುತ್ತಾನೆ. ಸೂತನ ಮಗನೇ ಅಂತ ಭೀಮ ಹಂಗಿಸುತ್ತಾನೆ.

ಯುದ್ಧಶಾಸ್ತ್ರದವರು ಇಲ್ಲಿ ಮುಂದಿನ ಯುದ್ಧದ ಎರಡು ಪಕ್ಷ ಕಾಣುತ್ತಾರೆ. ಗೀರ್ಟ್ಸ್ ಕಾಣುವುದು ಪಟ್ಟಾಭಿಷೇಕವನ್ನು, ಗಾಫ್‌ಮನ್ ಕಾಣುವುದು ತೆರೆದುಕೊಂಡ ಆ ಹಿಂಬಾಗಿಲನ್ನು. ಆಸ್ಟಿನ್‌ಗೆ ಅರಸನೆಂದು ಕರೆದ ಕ್ಷಣಕ್ಕೇ ಅರಸನಾಗಿಬಿಟ್ಟ ಒಬ್ಬ ಮನುಷ್ಯ ಸಿಗುತ್ತಾನೆ. ಆದರೆ ನನ್ನ ಕಣ್ಣು ಮಾತ್ರ ಪ್ರತಿ ಸಲ ಪ್ರೇಕ್ಷಾಗಾರದ ಕಡೆ ಹೋಗುತ್ತದೆ. ಅಲ್ಲಿ ಕುಂತಿ ಮೂರ್ಛೆ ಹೋಗಿದ್ದಾಳೆ. ಅವಳ ಮೇಲೆ ವಿದುರ ಗಂಧದ ನೀರು ಚಿಮುಕಿಸಿದ್ದಾನೆ. ಅಷ್ಟು ಸಾವಿರ ಜನರಲ್ಲಿ ಅಲ್ಲಿ ನಿಂತವನು ಯಾರು ಅಂತ ಗೊತ್ತಿದ್ದ ಹೆಂಗಸು ಅವಳೊಬ್ಬಳೇ. ಸೂರ್ಯ ಮುಳುಗುತ್ತಾನೆ. ದುರ್ಯೋಧನ ಕರ್ಣನ ಕೈ ಹಿಡಿದು ದೀಪದ ಬೆಳಕಿನಲ್ಲಿ ಹೊರಗೆ ಕರೆದುಕೊಂಡು ಹೋಗುತ್ತಾನೆ. ಆಟ ಮುಗಿಸಿಕೊಂಡು ಹೋಗುವವರ ಹಾಗೆ ಜನ ಮನೆಗೆ ಹೊರಡುತ್ತಾರೆ, ಕೆಲವರು ಅರ್ಜುನ ಅನ್ನುತ್ತಾ, ಕೆಲವರು ಕರ್ಣ ಅನ್ನುತ್ತಾ, ಇನ್ನು ಕೆಲವರು ದುರ್ಯೋಧನ ಅನ್ನುತ್ತಾ. ಕುಂತಿ ತನ್ನ ಸಂತೋಷವನ್ನು ಯಾರಿಗೂ ಕಾಣದಂತೆ ಮುಚ್ಚಿಟ್ಟುಕೊಂಡಳು.