ಸೀಲಿಂಗ್ ಮುಚ್ಚುವ ಮೊದಲೇ ಡಿಮ್ಮರ್ ಮಾತು

ಮೈಸೂರಿನ ಕುವೆಂಪುನಗರದಲ್ಲಿ ಒಬ್ಬ ಮೇಷ್ಟ್ರ ಮನೆ. ಗೃಹಪ್ರವೇಶಕ್ಕೆ ಎರಡೇ ದಿನ ಬಾಕಿ. ಹಾಲ್‌ನ ಫಾಲ್ಸ್ ಸೀಲಿಂಗ್ ಸುತ್ತ ಎಲ್‌ಇಡಿ ಸ್ಟ್ರಿಪ್ ಹಾಕಿ ಮುಗಿಸಿದ್ದೆ. ಸಂಜೆ ಮೇಷ್ಟ್ರು, ಅವರ ಹೆಂಡತಿ, ವಯಸ್ಸಾದ ತಾಯಿ ನೋಡಲು ಬಂದರು. ಸ್ವಿಚ್ ಹಾಕಿದೆ. ಚೆನ್ನಾಗಿಯೇ ಹತ್ತಿತು. ಆಮೇಲೆ ಡಿಮ್ಮರ್ ತಿರುಗಿಸಿದೆ. ಅರ್ಧಕ್ಕೆ ಬರುವಷ್ಟರಲ್ಲಿ ಇಡೀ ಹಾಲ್ ಮಿಣಮಿಣ ಅನ್ನತೊಡಗಿತು. ಮೇಲಿಂದ ಗುಂಯ್ ಅನ್ನುವ ಸದ್ದು ಬೇರೆ. ಅಜ್ಜಿ ಕಣ್ಣಿಗೆ ಕೈ ಅಡ್ಡ ಹಿಡಿದು, "ಬೇಡ ಕಣಪ್ಪಾ, ಆರಿಸಿಬಿಡು" ಅಂದರು.

ತಪ್ಪು ನನ್ನದೇ. ಬೆಳಕು ಕಮ್ಮಿ ಜಾಸ್ತಿ ಮಾಡುವ ಹಾಗಿರಬೇಕು ಅಂತ ಮೇಷ್ಟ್ರು ಹೇಳಿದ್ದು ಸ್ವಿಚ್ ಪ್ಲೇಟ್ ಕೂರಿಸುವ ಹೊತ್ತಿನಲ್ಲಿ. ನಾನು ಅದನ್ನು ಮೊದಲೇ ಕೇಳಿರಲಿಲ್ಲ. ಆಗಲಿ ಸಾರ್ ಅಂತ 230 ವೋಲ್ಟ್ ಲೈನಿನಲ್ಲೇ ಒಂದು ಡಿಮ್ಮರ್ ಹಾಕಿದ್ದೆ.

ಹಳೇ ಬಲ್ಬಿಗೆ ಅದು ಸರಿ. ಆ ಡಿಮ್ಮರ್ ಕರೆಂಟಿನ ಪ್ರತಿ ಅಲೆಯಲ್ಲೂ ಒಂದು ತುಂಡನ್ನು ಕತ್ತರಿಸುತ್ತದೆ. ಬಲ್ಬಿನ ತಂತಿ ಅಷ್ಟರಮಟ್ಟಿಗೆ ಕಮ್ಮಿ ಕಾಯುತ್ತದೆ, ಬೆಳಕು ಇಳಿಯುತ್ತದೆ. ಸ್ಟ್ರಿಪ್‌ಗೆ ಹಾಗಲ್ಲ, ಮಧ್ಯದಲ್ಲಿ ಡ್ರೈವರ್ ಇದೆ. ಒಳಗೆ ಬರುವ ವೋಲ್ಟೇಜ್ ಏರಿಳಿದರೂ ಹೊರಗೆ ಸಮನಾಗಿ 24 ವೋಲ್ಟ್ ಕೊಡುವುದೇ ಅದರ ಕೆಲಸ. ಅಲೆ ಕತ್ತರಿಸಿ ಕೊಟ್ಟರೆ ಸಾಮಾನ್ಯ ಡ್ರೈವರ್ ಒದ್ದಾಡುತ್ತದೆ, ಒಮ್ಮೆ ಹತ್ತುತ್ತದೆ, ಒಮ್ಮೆ ಆರುತ್ತದೆ. ಡ್ರೈವರ್ ಬೇಗ ಹಾಳಾಗುವುದೂ ಉಂಟು.

ಇದಕ್ಕೆ ಎರಡು ದಾರಿ. ಒಂದು, ಇಂಥ ಗೋಡೆ ಡಿಮ್ಮರ್‌ಗೆ ಅಂತಲೇ ಮಾಡಿದ ಡ್ರೈವರ್ ತರುವುದು. ಇನ್ನೊಂದು, ಡ್ರೈವರ್‌ಗೂ ಸ್ಟ್ರಿಪ್‌ಗೂ ನಡುವೆ ಪಿಡಬ್ಲ್ಯೂಎಂ ಡಿಮ್ಮರ್ ಹಾಕುವುದು. ಅದು ವೋಲ್ಟೇಜ್ ಇಳಿಸುವುದಿಲ್ಲ, ಸೆಕೆಂಡಿಗೆ ನೂರಾರು, ಸಾವಿರಾರು ಸಲ ಆನ್ ಆಫ್ ಮಾಡುತ್ತದೆ. ಆನ್ ಇರುವ ಹೊತ್ತು ಕಮ್ಮಿಯಾದಷ್ಟೂ ಬೆಳಕು ಕಮ್ಮಿ. ನನಗೆ ಎರಡನೆಯದೇ ಇಷ್ಟ, ತೀರಾ ಮಂದ ಬೆಳಕಿಗೂ ನಯವಾಗಿ ಇಳಿಯುತ್ತದೆ. ಆದರೆ ತಿರುಗಿಸುವ ಗುಂಡಿ ಗೋಡೆಯಲ್ಲೇ ಬೇಕು ಅಂದರೆ 24 ವೋಲ್ಟ್ ವೈರು ಸ್ವಿಚ್ ಬೋರ್ಡಿಗೆ ಇಳಿದು ಮತ್ತೆ ಮೇಲೆ ಹೋಗಬೇಕು. ಅದಕ್ಕೆ ಬೇರೆಯದೇ ಪೈಪ್ ಬೇಕು, 230 ವೋಲ್ಟಿನ ಜೊತೆ ಒಂದೇ ಪೈಪಿನಲ್ಲಿ ತುರುಕಬಾರದು. ಗಾರೆ ಆದಮೇಲೆ ಆ ಪೈಪ್ ಎಲ್ಲಿಂದ ತರುವುದು? ರಿಮೋಟ್ ಕೊಡಬಹುದಿತ್ತು. ಅಜ್ಜಿಗೆ ಗೋಡೆಯ ಗುಂಡಿಯೇ ಸುಲಭ ಅಲ್ವಾ?

ಹಾಗಾಗಿ ಮೊದಲ ದಾರಿಯೇ ಉಳಿಯಿತು. ಗೃಹಪ್ರವೇಶ ಡಿಮ್ಮರ್ ತೆಗೆದು ಸುಮ್ನೆ ಸ್ವಿಚ್‌ನಲ್ಲೇ ನಡೆಯಿತು. ಮುಂದಿನ ವಾರ ಡ್ರೈವರ್ ಬದಲಿಸಲು ಹೋದರೆ, ಅವು ಜಿಪ್ಸಂ ಶೀಟಿನ ಮೇಲೆ, ಕೈ ಹೋಗುವ ಜಾಗವೇ ಇಲ್ಲ. ಹೊಸದಾಗಿ ಬಣ್ಣ ಹೊಡೆದ ಸೀಲಿಂಗನ್ನು ಒಂದು ಅಡಿ ಚೌಕಕ್ಕೆ ಕತ್ತರಿಸಬೇಕಾಯಿತು. ಮೇಷ್ಟ್ರು ಒಂದು ಮಾತೂ ಆಡಲಿಲ್ಲ. ನನಗೆ ಅದೇ ಹೆಚ್ಚು ನೋವಾಯಿತು. ಆ ಖರ್ಚು ನಾನೇ ಹಾಕಿಕೊಂಡೆ. ಕತ್ತರಿಸಿದ ಜಾಗಕ್ಕೆ ತೆಗೆದು ಹಾಕುವ ಮುಚ್ಚಳ ಮಾಡಿಸಿದೆ.

ವ್ಯಾಟಿನ ಲೆಕ್ಕ ಮಾತ್ರ ಮೊದಲೇ ಸರಿ ಇತ್ತು. ಹಾಲ್ 16 ಅಡಿಗೆ 12 ಅಡಿ, ಸುತ್ತಳತೆ ಸುಮಾರು 17 ಮೀಟರ್. ಮೀಟರಿಗೆ 9.6 ವ್ಯಾಟಿನ ಸ್ಟ್ರಿಪ್, ಒಟ್ಟು 163 ವ್ಯಾಟ್. ಡ್ರೈವರನ್ನು ಪೂರ್ತಿ ದುಡಿಸಬಾರದು, ಸುಮಾರು ಐದರಲ್ಲಿ ಒಂದು ಪಾಲು ಬಿಡುವು ಇರಬೇಕು. ಅದಕ್ಕೇ 100 ವ್ಯಾಟಿನವು ಎರಡು. ಡಿಮ್ಮರ್ ಕೊಳ್ಳುವಾಗಲೂ ಅದರ ಮೇಲಿನ ವ್ಯಾಟ್ ಹಳೇ ಬಲ್ಬಿನದೋ ಎಲ್‌ಇಡಿಯದೋ ನೋಡಿ. ಸಾಮಾನ್ಯವಾಗಿ ಎಲ್‌ಇಡಿಗೆ ಬಹಳ ಕಮ್ಮಿ ಇರುತ್ತದೆ.

12 ವೋಲ್ಟ್ ಸ್ಟ್ರಿಪ್ ಅಗ್ಗ ಅಂತ ಕೇಳುವವರು ಜಾಸ್ತಿ. ಲೆಕ್ಕ ನೋಡಿ. 5 ಮೀಟರ್ ಸ್ಟ್ರಿಪ್ ಅಂದರೆ 48 ವ್ಯಾಟ್. 12 ವೋಲ್ಟಿನಲ್ಲಿ 4 ಆಂಪ್ಸ್, 24ರಲ್ಲಿ 2. ಡ್ರೈವರ್ 8 ಮೀಟರ್ ದೂರದಲ್ಲಿದ್ದು, 1 ಚದರ ಮಿಲಿಮೀಟರ್ ತಾಮ್ರದ ವೈರ್ ಎಳೆದರೆ, ಹೋಗಿಬರುವ ದಾರಿಯಲ್ಲೇ 12 ವೋಲ್ಟಿನಲ್ಲಿ ಒಂದು ವೋಲ್ಟಿಗಿಂತ ಜಾಸ್ತಿ ಸೋರುತ್ತದೆ, ಹತ್ತಿರ ಹತ್ತಿರ ಹತ್ತನೇ ಒಂದು ಪಾಲು. 24ರಲ್ಲಿ ಅರ್ಧ ವೋಲ್ಟಿಗೆ ಸ್ವಲ್ಪ ಮೇಲೆ, ನೂರಕ್ಕೆ ಎರಡೂವರೆ ಅಷ್ಟೇ. ಒಂದು ರೋಲಿನ ಬಾಲಕ್ಕೆ ಇನ್ನೊಂದು ರೋಲ್ ಜೋಡಿಸುತ್ತಾ ಹೋದರೂ ಇದೇ ಕಥೆ, ಕೊನೆಯ ಮೂಲೆ ಮಂಕಾಗುತ್ತದೆ. ನಾನು ಪ್ರತಿ 5 ಮೀಟರಿಗೂ ಬೇರೆ ವೈರ್ ಕೊಡುತ್ತೇನೆ.

ಅಡುಗೆಮನೆಯಲ್ಲಿ ಡಿಮ್ಮರ್‌ಗಿಂತ ಪ್ರೊಫೈಲ್, ಅಂದರೆ ಸ್ಟ್ರಿಪ್ ಕೂರಿಸುವ ಉದ್ದನೆ ಲೋಹದ ಪಟ್ಟಿ, ಮುಖ್ಯ. ಪಾಲಿಶ್ ಮಾಡಿದ ಗ್ರಾನೈಟ್ ಕಟ್ಟೆಯಲ್ಲಿ ಎಲ್‌ಇಡಿಯ ಚುಕ್ಕಿಗಳೆಲ್ಲ ಸಾಲಾಗಿ ಕಾಣುತ್ತವೆ. ಹಾಲುಬಣ್ಣದ ಮುಚ್ಚಳದ ಅಲ್ಯೂಮಿನಿಯಂ ಪ್ರೊಫೈಲ್ ಹಾಕಿದರೆ ಬೆಳಕು ಹರಡುತ್ತದೆ, ಶಾಖವೂ ಇಳಿಯುತ್ತದೆ.

ಈ ವಾರ ಇನ್ನೊಂದು ಮನೆಗೆ ಹೋಗಿದ್ದೆ. ಗಾರೆ ಇನ್ನೂ ಆಗಿಲ್ಲ. ಮನೆಯವರನ್ನು ಖಾಲಿ ಹಾಲ್‌ನಲ್ಲಿ ನಿಲ್ಲಿಸಿಕೊಂಡು, ರಾತ್ರಿ ಟಿವಿ ನೋಡುವಾಗ ಎಷ್ಟು ಬೆಳಕು ಬೇಕು, ಗುಂಡಿ ಯಾವ ಗೋಡೆಯಲ್ಲಿರಬೇಕು ಅಂತ ಕೇಳಿದೆ. ಡ್ರೈವರ್ ಜಾಗ, ಮುಚ್ಚಳದ ಅಳತೆ, ಎರಡನೇ ಪೈಪ್ ಇಳಿಯುವ ದಾರಿ, ಮೂರನ್ನೂ ಇಟ್ಟಿಗೆ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಬಂದಿದ್ದೇನೆ.